ಸಡಿಲ ದಾರ

ಶಿಕಾರಿಪುರ
9 ಜುಲೈ 2023

ಅಕ್ಕಾ,

ಹದಿನೈದು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳುವ ವಿಷಯವಲ್ಲ, ಅಷ್ಟೇ. ನಿನ್ನ ಫೋನು ಹೆಚ್ಚು ಹೊತ್ತು ಗಂಗಾಶ್ರೀಯ ಕೈಯಲ್ಲಿರುತ್ತದೆ, ನಿನ್ನ ಸೊಸೆಯ ಕಿವಿಗೆ ಬೀಳಬೇಕಾದ ಮಾತಲ್ಲ ಇದು. ಇತ್ತ ನನ್ನ ಅಂಗಡಿಯಲ್ಲಿ ಹೊಲಿಗೆ ಮಷೀನಿನ ಮುಂದೆ ಯಾವಾಗಲೂ ಇಬ್ಬರು ಮೂವರು ಕೂತಿರುತ್ತಾರೆ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದಾಗ ಅಲ್ಲಿಯವರು ಕಪಾಟಿನ ಕೆಳಗಿನ ಖಾನೆಯಿಂದ ಧೂಳು ಕೊಡವಿ ತೆಗೆದುಕೊಟ್ಟರು. ಐದು ತೆಗೆದುಕೊಂಡೆ. ಮನೆಗೆ ಬೇಡವೆಂದು ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಎರಡು ವರ್ಷದಿಂದ ನನಗೆ ಕೂರುವ ಜಾಗದಲ್ಲಿ ಒಂದು ಕುರು ಏಳುತ್ತದೆ, ಒಡೆಯುತ್ತದೆ, ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ಮೂಲವ್ಯಾಧಿ ಅಂದುಕೊಂಡು ಮಜ್ಜಿಗೆ ಕುಡಿದೆ, ಮೆಣಸಿನಕಾಯಿ ಬಿಟ್ಟೆ. ಇಲ್ಲಿ ಎರಡು ಸಲ ಕೊಯ್ದು ಕೀವು ತೆಗೆದರು. ಮೊನ್ನೆ ಶಿವಮೊಗ್ಗಕ್ಕೆ ಹೋದೆ. ಮೂಲವ್ಯಾಧಿಯಲ್ಲ, ಫಿಸ್ಟುಲಾ ಅಂದರು. ಒಳಗಿನ ದಾರಿಗೂ ಹೊರಗಿನ ಚರ್ಮಕ್ಕೂ ನಡುವೆ ಒಂದು ಸುರಂಗ ಬಿದ್ದಿದೆಯಂತೆ. ಹದಿನೇಳಕ್ಕೆ ಆಪರೇಷನ್.

ನಗಬೇಡ. ದರ್ಜಿಯವನಿಗೆ ಬರಬಾರದ ಜಾಗದಲ್ಲಿ ಬಂದಿದೆ. ಒಂದು ತಿಂಗಳಿಂದ ನಿಂತುಕೊಂಡು ಕತ್ತರಿಸುವ ಕೆಲಸ ಮಾತ್ರ ಮಾಡುತ್ತಿದ್ದೇನೆ. ಹೊಲಿಯುವುದನ್ನು ಪವಿತ್ರಾಗೆ ಬಿಟ್ಟಿದ್ದೇನೆ. ಗಿರಾಕಿಗಳು, 'ಏನ್ ಕೊಟ್ರೇಶಣ್ಣ, ಹೆಂಡ್ತೀನ ಸೀಟಿನ ಮ್ಯಾಲೆ ಕೂರ್ಸಿ ನೀನು ಕಾವಲಿಗೆ ನಿಂತೀಯಲ್ಲ' ಅನ್ನುತ್ತಾರೆ. ನಾನೂ ನಗುತ್ತೇನೆ.

ಇನ್ನೊಂದು. ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಬಟ್ಟೆ ಸದಾ ಒದ್ದೆಯಾಗಿರುವ ಮೈಮೇಲೆ ಅದು ಬೇಡ ಅನ್ನಿಸಿತು. ಪವಿತ್ರಾ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನೇಳಕ್ಕೆ ನೀನು ಬಂದರೆ ಧೈರ್ಯ.

ಕೊಟ್ರೇಶ


ಕುಪ್ಪಗಡ್ಡೆ
14 ಜುಲೈ 2023

ಕೊಟ್ರೇಶ,

ಕಾಗದ ಸಿಕ್ಕಿತು. ಹೆಡ್‌ಮಾಸ್ತರು ಕೈಗೆ ಕೊಡುವಾಗ ಎರಡು ಸಲ ತಿರುಗಿಸಿ ನೋಡಿದರು.

ಹೆದರಬೇಡ. ಹೇಳಿದಂತೆ ಮಾಡು. ಹಳೆಯ ಧೋತರದ ಬಟ್ಟೆ ತೆಗೆದುಕೋ, ಹೊಸದು ಉಜ್ಜುತ್ತದೆ. ನಾಲ್ಕು ಮಡಿಕೆ ಹಾಕು. ಮೂರಾದರೆ ತಡೆಯುವುದಿಲ್ಲ, ಐದಾದರೆ ಎದ್ದು ಕಾಣುತ್ತದೆ. ದಿನಕ್ಕೆ ಎರಡು ಸಲ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿಕೊಂಡು ಕಾಲು ಗಂಟೆ ಕೂರು. ಉಜ್ಜಿ ಒರೆಸಬೇಡ, ಒತ್ತಿ ಒರೆಸು. ಜ್ವರ ಬಂದು ಮೈ ನಡುಗಿದರೆ ಒಳಗೆ ಕೀವು ತುಂಬಿದೆ ಅಂತ ಲೆಕ್ಕ, ಅವತ್ತು ಕಾಯಬೇಡ.

ಕೂರುವುದಕ್ಕೆ ದಿಂಬು ಹೊಲಿದುಕೋ. ದುಂಡಗೆ, ಹದಿನಾರು ಇಂಚು. ನಡುವೆ ಐದು ಇಂಚಿನ ತೂತು, ಸರಿಯಾಗಿ ನಡುವೆ ಬೇಡ, ಸ್ವಲ್ಪ ಹಿಂದಕ್ಕಿರಲಿ. ಹತ್ತಿ ತುಂಬಬೇಡ, ತಿಂಗಳಿಗೆ ಗಟ್ಟಿಯಾಗುತ್ತದೆ. ನಿನ್ನ ಅಂಗಡಿಯ ಚಿಂದಿ ತುಂಬು.

ಲಿಂಗ ಕಟ್ಟಿಕೋ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಅಂತ ಅವ್ವ ನಮಗೆ ಹೇಳಿಕೊಟ್ಟದ್ದು ನೆಂಟರ ಮನೆಯಲ್ಲಿ ಹೇಳಿ ತೋರಿಸುವುದಕ್ಕಲ್ಲ. ಕೀವು ಬಂದರೆ ಮೈ ಕೆಟ್ಟಿರುತ್ತದೆ, ನೀನು ಕೆಟ್ಟಿರುವುದಿಲ್ಲ.

ಹದಿನೇಳಕ್ಕೆ ಬರಲಾಗುವುದಿಲ್ಲ. ಬಿಸಿಯೂಟದ ಅಡುಗೆಗೆ ಇರುವವರು ನಾವಿಬ್ಬರೇ. ವನಜಮ್ಮ ರಜೆ ಹಾಕಿದ್ದಾಳೆ, ನಾನೂ ಬಿಟ್ಟರೆ ಮಕ್ಕಳಿಗೆ ಊಟವಿಲ್ಲ. ಸಿಟ್ಟಾಗಬೇಡ.

ಅಕ್ಕ


ಕುಪ್ಪಗಡ್ಡೆ
14 ಜುಲೈ 2023, ಸಂಜೆ

ಕೊಟ್ರೇಶ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬೆಳಿಗ್ಗೆ ಒಂದು ಹಾಕಿ ಬಂದೆ. ಇದು ಬಿಸಿಯೂಟದ ಹಳೆಯ ದಾಸ್ತಾನು ಪುಸ್ತಕದ ಕೊನೆಯ ಹಾಳೆ, ಇನ್ನು ಯಾರೂ ತೆರೆಯುವುದಿಲ್ಲ.

ನಾಲ್ಕು ಮಡಿಕೆಯ ಲೆಕ್ಕ ನನಗೆ ಹೇಗೆ ಗೊತ್ತು ಅಂತ ನೀನು ಮುಂದಿನ ಕಾಗದದಲ್ಲಿ ಕೇಳುತ್ತೀಯ. ಶಾಲೆಯ ಟೀಚರೊಬ್ಬರಿಗೆ ಹೀಗೇ ಇತ್ತು ಅಂತ ಬರೆಯುತ್ತೇನೆ. ನಿಜ ಏನೆಂದರೆ ನನಗೆ ಹನ್ನೊಂದು ವರ್ಷದಿಂದ ಇದೆ. ನಿನ್ನ ಭಾವ ತೀರಿಕೊಂಡ ಮರುವರ್ಷ ಮೊದಲು ಹೊಟ್ಟೆನೋವು, ಭೇದಿ. ಆಮೇಲೆ ಕುರು. ಈಗ ಎರಡು ಬಾಯಿ ಇವೆ. ಯಾರಿಗೂ ತೋರಿಸಿಲ್ಲ. ತೋರಿಸುವುದು ಅಂದರೆ ಏನು ತೋರಿಸಬೇಕು ಎಂಬುದು ನಿನಗೆ ಈಗ ಗೊತ್ತಿದೆ.

ನಮ್ಮ ಶಾಲೆಯಲ್ಲಿ ಅರವತ್ತೆರಡು ಮಕ್ಕಳು ನನ್ನ ಕೈಯ ಅನ್ನ ತಿನ್ನುತ್ತಾರೆ. ದಿನಕ್ಕೆ ಎಷ್ಟು ಸಲ ಸೋಪು ಹಾಕಿ ಕೈ ತೊಳೆಯುತ್ತೇನೆ ಅಂತ ನನಗೆ ಗೊತ್ತು. ಅವರ ತಾಯಂದಿರಿಗೆ ರೋಗದ ಸುದ್ದಿ ಗೊತ್ತಾದರೆ ಕೈ ತೊಳೆದದ್ದನ್ನು ಯಾರು ಕೇಳುತ್ತಾರೆ. ಅಡುಗೆ ನಿಂತು ಮಾಡುವ ಕೆಲಸ. ಹಾಗಾಗಿ ಇಷ್ಟು ವರ್ಷ ನಡೆಯಿತು. ಯಾರೂ ನನಗೆ 'ಯಾಕೆ ಕೂರುವುದಿಲ್ಲ' ಅಂತ ಕೇಳಿಲ್ಲ, 'ಎಷ್ಟು ಕೆಲಸ ಮಾಡ್ತೀರಿ' ಅಂದಿದ್ದಾರೆ.

ಇಲ್ಲಿಂದ ಸೊರಬ, ಅಲ್ಲಿಂದ ಶಿರಾಳಕೊಪ್ಪ, ಅಲ್ಲಿಂದ ನಿಮ್ಮೂರು, ಮತ್ತೆ ಶಿವಮೊಗ್ಗ. ಅಷ್ಟು ಹೊತ್ತು ಬಸ್ಸಿನ ಸೀಟಿನ ಮೇಲೆ ನಾನು ಕೂರಲಾರೆ. ಕೂತರೂ ಏಳುವಾಗ ಸೀಟು ನೋಡಿಕೊಂಡು ಏಳಬೇಕು. ವನಜಮ್ಮ ರಜೆ ಹಾಕಿಲ್ಲ.

ನನ್ನ ಲಿಂಗವೂ ಜಗಲಿಯ ಮೇಲಿನ ಕರಡಿಗೆಯಲ್ಲಿದೆ. ನಿನಗೆ ಹೇಳಿದ್ದನ್ನು ನನಗೆ ನಾನು ಹೇಳಿಕೊಂಡಿರಲಿಲ್ಲ.


ಶಿಕಾರಿಪುರ
2 ಆಗಸ್ಟ್ 2023

ಅಕ್ಕಾ,

ಆಯಿತು. ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ನಿನ್ನ ನಾಲ್ಕು ಮಡಿಕೆಯ ಲೆಕ್ಕ ಅಲ್ಲಿನ ನರ್ಸಿಗೂ ಗೊತ್ತಿರಲಿಲ್ಲ. ದಿಂಬಿನ ಅಳತೆ ನಿನಗೆ ಯಾರು ಹೇಳಿದರು? ಹೊಲಿದು ಕೂತು ನೋಡಿದೆ, ಒಂದು ಇಂಚೂ ತಿದ್ದಬೇಕಾಗಲಿಲ್ಲ.

ಸುರಂಗ ಮುಚ್ಚುತ್ತಾರೆ ಅಂದುಕೊಂಡಿದ್ದೆ. ಮುಚ್ಚಿಲ್ಲ. ಒಂದು ದಾರ ಹಾಕಿ ಬಿಟ್ಟಿದ್ದಾರೆ. ಹೊರಗಿನ ಬಾಯಿಯಿಂದ ಒಳಗೆ ಹೋಗಿ, ಮಲದ ದಾರಿಯಿಂದ ಹೊರಗೆ ಬಂದು, ಅಲ್ಲಿಗೇ ಗಂಟು. ನೀಲಿ ಬಣ್ಣ, ರಬ್ಬರಿನ ಹಾಗೆ, ನಾವು ಲಂಗಕ್ಕೆ ಹಾಕುವ ಎಲಾಸ್ಟಿಕ್ಕಿಗಿಂತ ತೆಳು. ಮೂವತ್ತು ವರ್ಷ ದಾರದ ಕೆಲಸ ಮಾಡಿದೆ, ಏನನ್ನೂ ಕೂಡಿಸದ ದಾರವನ್ನು ಮೊದಲ ಸಲ ನೋಡಿದೆ. ಡಾಕ್ಟರು ಏನೋ ವಿವರಿಸಿದರು, ಅದೆಲ್ಲ ಇರಲಿ. ದಾರ ಹಾಕಿದ ಮೇಲೆ ನೋವು ಅರ್ಧ ಇಳಿದಿದೆ.

ಕ್ಯಾಮೆರಾ ಬಿಟ್ಟು ಕರುಳನ್ನೂ ನೋಡಿದರು. ಅದರಲ್ಲಿ ಏನೂ ಇಲ್ಲ. ಮಾತ್ರೆ ಬರೆದುಕೊಟ್ಟಿದ್ದಾರೆ, ಬಹಳ ದಿನ ತೆಗೆದುಕೊಳ್ಳಬೇಕಂತೆ, ಅದು ಬೇರೆ.

'ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹಿಂಗೆ ಇದೆಯಾ' ಅಂತ ಕೇಳಿದರು. ಇಲ್ಲ ಅಂದೆ. ಮಗಳು ಶರಣ್ಯ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ತೊಗರ್ಸಿಯ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ತಂದೆ ತೋಟಪ್ಪನವರು, ಗೊಬ್ಬರದ ಅಂಗಡಿ ಇದೆ, ಒಳ್ಳೆಯ ಮನೆತನ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ರೋಗ ಇದೆ ಅಂತ ಯಾರ ಬಾಯಿಗೂ ಬೀಳಬಾರದು. ನನ್ನದನ್ನೂ ಮೂಲವ್ಯಾಧಿ ಅಂತಲೇ ಹೇಳಿದ್ದೇವೆ.

ನೀನು ಬಾರದ್ದಕ್ಕೆ ಬೇಜಾರಿಲ್ಲ. ಲಿಂಗ ಇನ್ನೂ ಕಟ್ಟಿಕೊಂಡಿಲ್ಲ.

ಕೊಟ್ರೇಶ


ಕುಪ್ಪಗಡ್ಡೆ
20 ಆಗಸ್ಟ್ 2023

ಕೊಟ್ರೇಶ,

ಡಾಕ್ಟರಿಗೆ ಇಲ್ಲ ಅಂದದ್ದು ಸರಿ. ಶರಣ್ಯಳ ಕೆಲಸ ಮೊದಲು ಆಗಲಿ.

ದಿಂಬಿನ ಅಳತೆ ಶಾಲೆಯ ಟೀಚರೊಬ್ಬರದು. ಅವರಿಗೆ ಹೀಗೇ ಇತ್ತು. ಅವರು ಕೇಳಿದರು, ಅದಕ್ಕೆ ಕೇಳುತ್ತೇನೆ. ದಾರ ಹಾಕುವಾಗ ಪ್ರಜ್ಞೆ ತಪ್ಪಿಸುತ್ತಾರೋ. ಎಷ್ಟು ಹೊತ್ತು ಹಿಡಿಯುತ್ತದೆ. ಹಾಕುವವರಲ್ಲಿ ಹೆಂಗಸರು ಇರುತ್ತಾರೋ. ದಾರ ತಾನೇ ಬಿದ್ದುಹೋಗುತ್ತದೋ, ತೆಗೆಯುತ್ತಾರೋ. ಎರಡು ಬಾಯಿ ಇದ್ದರೆ ಎರಡು ದಾರವೋ. ನಿಂತು ಕೆಲಸ ಮಾಡಬಹುದೋ. ಒಬ್ಬರೇ ಹೋಗಿ ಅವತ್ತೇ ವಾಪಸು ಬರಬಹುದೋ. ವಿವರವಾಗಿ ಬರೆ.

ಅಕ್ಕ


ಶಿಕಾರಿಪುರ
11 ಸೆಪ್ಟೆಂಬರ್ 2023

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸಂಬಂಧ ಕೂಡಿಬಂತು. ಅಕ್ಟೋಬರ್ 29ರ ಭಾನುವಾರ ನಿಶ್ಚಿತಾರ್ಥ. ಮದುವೆ ಅವಳ ಬಿ.ಎಡ್ ಮುಗಿದ ಮೇಲೆ. ಉಡಿ ತುಂಬುವುದಕ್ಕೆ ಸೋದರತ್ತೆ ನೀನೇ. ಭಾವ ಇಲ್ಲ ಅಂತ ಹಿಂಜರಿಯಬೇಡ, ತೋಟಪ್ಪನವರ ಮನೆಯಲ್ಲೂ ಆ ಭೇದ ಇಲ್ಲ. ಮೂರು ದಿನ ಮೊದಲೇ ಬಾ.

ಆ ಟೀಚರ ಹೆಸರಿನಲ್ಲಿ ಎಷ್ಟು ಪ್ರಶ್ನೆ ಕೇಳುತ್ತೀಯ. ಅವರಿಗೆ ಹೇಳು, ದಾರದ ಕೆಲಸ ಏನೂ ದೊಡ್ಡದಲ್ಲ. ಈ ಕಡೆ ಹಾಕಿ ಆ ಕಡೆ ತೆಗೆದು ಒಂದು ಗಂಟು. ಕೈ ಪಳಗಿದವರು ಯಾರು ಬೇಕಾದರೂ ಹಾಕಬಹುದು. ಕೈಗೆ ಎಟುಕುವಂತಿದ್ದರೆ ನಾನೇ ಹಾಕಿಕೊಂಡುಬಿಡುತ್ತಿದ್ದೆ, ಶಿವಮೊಗ್ಗಕ್ಕೆ ಯಾಕೆ ಹೋಗುತ್ತಿದ್ದೆ.

ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಬಾ.

ಕೊಟ್ರೇಶ


ಶಿಕಾರಿಪುರ
6 ನವೆಂಬರ್ 2023

ಅಕ್ಕ,

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಅದನ್ನು ತಿಳಿಸುವುದಕ್ಕೆ ಬರೆಯುತ್ತಿಲ್ಲ. ನಾಗರಾಜನೂ ಗಂಗಾಶ್ರೀಯೂ ಫೋಟೋ ತೋರಿಸಿರುತ್ತಾರೆ.

ಉಡಿ ತುಂಬುವ ಹೊತ್ತಿಗೆ ತೋಟಪ್ಪನವರು, 'ಸೋದರತ್ತೆ ಎಲ್ಲ್ರೀ, ಕರೀರಿ' ಅಂದರು. ನಾನು ಮಂಡಿನೋವು ಅಂದೆ. ಅದೇ ಹೊತ್ತಿಗೆ ನಿನ್ನ ಮಗ, ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ಅಡುಗೆ ಅಂದ. ಭಾನುವಾರ ಯಾವ ಶಾಲೆ ಅಂತ ಅವರು ಕೇಳಲಿಲ್ಲ, ದೊಡ್ಡವರು. ಕೊನೆಗೆ ಪವಿತ್ರಾಳ ಅಕ್ಕ ಉಡಿ ತುಂಬಿದಳು.

ಆಸ್ಪತ್ರೆಗೆ ಬರಲಿಲ್ಲ. ಮೂರು ತಿಂಗಳಲ್ಲಿ ಒಮ್ಮೆ ಮನೆಗೂ ಬರಲಿಲ್ಲ. ಈಗ ಇದಕ್ಕೂ ಇಲ್ಲ. ಬಹಳ ಯೋಚಿಸಿದೆ. ನಿನಗೆ ಹೇಸಿಗೆ ಇರಬೇಕು. ನೀನು ಚಿಕ್ಕಂದಿನಿಂದ ಮಡಿಯವಳು, ಒಂದು ಲೋಟವನ್ನು ಮೂರು ಸಲ ತೊಳೆಯುವವಳು. ನನ್ನ ಮನೆಯಲ್ಲಿ ನೀರು ಕುಡಿಯುವುದಕ್ಕೂ ಈಗ ನಿನಗೆ ಆಗುವುದಿಲ್ಲ. ಅದನ್ನು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಲಿಂಗ ಕಟ್ಟಿಕೋ, ಸೂತಕವಿಲ್ಲ ಅಂತ ಬರೆಯುವುದು ಸುಲಭ.

ಕೊಟ್ರೇಶ


ಕುಪ್ಪಗಡ್ಡೆ
15 ನವೆಂಬರ್ 2023

ಕೊಟ್ರೇಶ,

ಇದೂ ದಾಸ್ತಾನು ಪುಸ್ತಕಕ್ಕೆ.

ಅಕ್ಟೋಬರ್ 10ಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಆನವಟ್ಟಿಗೆ ಹೋದೆ. ಸಂತೆ ಮಾಳದ ಹಿಂದೆ ಒಬ್ಬನು ದಾರ ಕಟ್ಟುತ್ತಾನೆ ಅಂತ ವನಜಮ್ಮ ಯಾರದೋ ಮಾತಿಗೆ ಹೇಳಿದ್ದಳು. ಓದಿದವನಲ್ಲ, ಬೋರ್ಡು ಇಲ್ಲ, ಅದೇ ಒಳ್ಳೆಯದು ಅನ್ನಿಸಿತು. ಅವನ ಹೆಂಡತಿ ಜೊತೆಯಲ್ಲಿ ನಿಲ್ಲುತ್ತಾಳೆ. ಮುಖಕ್ಕೆ ಸೆರಗು ಹಾಕಿಕೊಂಡು ಮಲಗಿದರೆ ಆಯಿತು, ಹೆಸರೂ ಕೇಳುವುದಿಲ್ಲ. ಎರಡು ಬಾಯಿಗೆ ಎರಡು ದಾರ. ನಿನ್ನದು ನೀಲಿ ಅಂದಿದ್ದೆ, ನನ್ನದು ಬಿಳಿ.

ಶರಣ್ಯಳ ನಿಶ್ಚಿತಾರ್ಥದ ಹೊತ್ತಿಗೆ ವಾಸಿಯಾಗಿ ಬಸ್ಸಿನಲ್ಲಿ ಕೂತು ಬರಬೇಕು ಅಂತ ಲೆಕ್ಕ ಹಾಕಿದ್ದೆ. ಅವನು ವಾರಕ್ಕೊಮ್ಮೆ ಕರೆದು ದಾರ ಬಿಗಿ ಮಾಡುತ್ತಾನೆ. ಬಿಗಿ ಮಾಡಿದ ದಿನ ಕಣ್ಣು ಕತ್ತಲೆ ಬರುತ್ತದೆ. 29ರ ಬೆಳಿಗ್ಗೆ ಹಸಿರು ಸೀರೆ ಉಟ್ಟು ಬಸ್ಸು ನಿಲ್ಲುವ ಕಟ್ಟೆಯ ತನಕ ಹೋಗಿದ್ದೆ.

ನಿನಗೆ ನೋವು ಅರ್ಧ ಇಳಿಯಿತು ಅಂದೆಯಲ್ಲ. ನನಗೆ ಯಾಕೆ ಇಳಿಯುವುದಿಲ್ಲ ಅಂತ ಕೇಳುವುದಕ್ಕೆ ದಾರಿಯಿಲ್ಲ.


ಕುಪ್ಪಗಡ್ಡೆ
16 ನವೆಂಬರ್ 2023

ಕೊಟ್ರೇಶ,

ಕಾಗದ ತಲುಪಿತು. ನನಗೆ ಹೇಸಿಗೆ ಇಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ಈಗ ಆಗುವುದಿಲ್ಲ. ಶರಣ್ಯಳಿಗೆ ಹಸಿರು ಸೀರೆ ನಾಗರಾಜನ ಕೈಯಲ್ಲಿ ಕಳಿಸಿದ್ದೇನೆ.

ಅಕ್ಕ


ಕುಪ್ಪಗಡ್ಡೆ
18 ಮಾರ್ಚ್ 2024

ಕೊಟ್ರೇಶ,

ನಾಲ್ಕು ತಿಂಗಳಾಯಿತು, ನೀನು ಬರೆಯಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಬಿಸಿಯೂಟದ ಕೆಲಸ ಬಿಟ್ಟೆ. ವಯಸ್ಸಾಯಿತು, ದೊಡ್ಡ ಪಾತ್ರೆ ಎತ್ತಲಾಗುವುದಿಲ್ಲ ಅಂತ ಹೆಡ್‌ಮಾಸ್ತರಿಗೆ ಬರೆದುಕೊಟ್ಟೆ. ಅವರು ನಂಬಿದರು. ಕೊನೆಯ ದಿನ ಎರಡನೇ ತರಗತಿಯ ರಕ್ಷಿತಾ, 'ನಾಳೆಯಿಂದ ಸಾಂಬಾರು ಸಪ್ಪೆ ಇರ್ತದಾ' ಅಂತ ಕೇಳಿದಳು. ಇರುತ್ತದೆ ಅಂದೆ. ಇನ್ನು ಕಾಗದವನ್ನು ಮನೆಗೇ ಹಾಕು.

ಈಗ ಹಿತ್ತಲ ಕಡೆಯ ಕೋಣೆಯಲ್ಲಿ ಇರುತ್ತೇನೆ. ಬಚ್ಚಲು ಹತ್ತಿರ. ಯಾರ ಮನೆಗೂ ಹೋಗುವುದಿಲ್ಲ, ಯಾರಾದರೂ ಬಂದರೆ ನಿದ್ದೆ ಬಂದವಳ ಹಾಗೆ ಮಲಗುತ್ತೇನೆ. ಮಲಗುವುದು ಒಳ್ಳೆಯದು. ಮಗ್ಗುಲಾಗಿ ಮಲಗಿದರೆ ಏನೂ ತಿಳಿಯುವುದಿಲ್ಲ.

ಒಂದು ಮಾತು ಹೊಳೆಯಿತು, ನಗು ಬಂತು. ನಮ್ಮವರಿಗೆ ಸತ್ತ ಮೇಲೂ ಬಿಡುಗಡೆ ಇಲ್ಲ ನೋಡು. ಬೇರೆಯವರು ಹೆಣವನ್ನು ಮಲಗಿಸುತ್ತಾರೆ. ನಾವು ಮಾತ್ರ ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ನಾನು ಹೋದರೆ ಮಲಗಿಸಿಬಿಡು ಅಂತ ನಾಗರಾಜನಿಗೆ ಹೇಳಿದೆ. 'ಎಂತ ಮಾತಾಡ್ತೀಯಮ್ಮ ನೀನು' ಅಂತ ಎದ್ದು ಹೋದ.

ನಿನ್ನ ದಾರ ಇನ್ನೂ ಇದೆಯೋ, ಬಿದ್ದಿತೋ?

ಅಕ್ಕ


ಶಿಕಾರಿಪುರ
30 ಏಪ್ರಿಲ್ 2024

ಅಕ್ಕಾ,

ನಿನ್ನ ಕಾಗದ ಓದಿ ನಾಚಿಕೆಯಾಯಿತು. ಕೆಲಸ ಬಿಟ್ಟ ಬೇಜಾರಿಗೆ ಸಾವಿನ ಮಾತು ಬರೆದಿದ್ದೀಯ. ಸುಮ್ಮನೆ ಇಲ್ಲಿಗೆ ಬಂದು ಒಂದು ತಿಂಗಳು ಇರು, ಎಲ್ಲ ಸರಿಹೋಗುತ್ತದೆ. ನವೆಂಬರಿನಲ್ಲಿ ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನಗೆ ಒಂದು ಸುಳ್ಳು ಹೇಳಿದ್ದೆ. ಕರುಳಿನಲ್ಲಿ ಏನೂ ಇಲ್ಲ ಅಂದಿದ್ದೆನಲ್ಲ, ಇದೆ. ಕ್ರೋನ್ಸ್ ಅಂತ ಹೆಸರು. ಕರುಳಿನ ಗೋಡೆ ಒಳಗಿಂದಲೇ ಹುಣ್ಣಾಗುತ್ತ ಹೋಗುವ ಕಾಯಿಲೆ. ಕೆಳಗಿನ ಸುರಂಗ ಅದರ ಬಾಲ ಅಷ್ಟೇ. ಒಂದು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದೂ ಉಂಟಂತೆ, ಅದಕ್ಕೇ ಅವರು ಅವತ್ತು ಕೇಳಿದ್ದು. ಶರಣ್ಯಳ ಮದುವೆ ಮುಗಿಯಲಿ ಅಂತ ನಿನಗೂ ಹೇಳಲಿಲ್ಲ. ಈಗ ಎಂಟು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡುತ್ತಾರೆ. ಹಿಡಿತಕ್ಕೆ ಬಂದಿದೆ, ಸದ್ಯದಲ್ಲೇ ದಾರ ತೆಗೆಯಬಹುದು ಅಂದಿದ್ದಾರೆ.

ಏನನ್ನೂ ಕೂಡಿಸದ ದಾರ ಅಂದಿದ್ದೆನಲ್ಲ, ಅದರ ಅರ್ಥ ಈಗ ತಿಳಿಯಿತು. ಅದು ಸಡಿಲವಾಗಿಯೇ ಇರಬೇಕು. ಒಳಗೆ ಮಾಯುವ ಮೊದಲೇ ಹೊರಗಿನ ಬಾಯಿ ಮುಚ್ಚಿದರೆ ಕೀವು ಒಳಗೇ ತುಂಬುತ್ತದೆ. ಮುಚ್ಚದಂತೆ ತಡೆಯುವುದಷ್ಟೇ ಅದರ ಕೆಲಸ.

ಮೊನ್ನೆ ಆಸ್ಪತ್ರೆಯಲ್ಲಿ ಒಬ್ಬನನ್ನು ಕಂಡೆ. ನನ್ನದೇ ಕಾಯಿಲೆ. ಊರಿನಲ್ಲಿ ಯಾರ ಕೈಯಲ್ಲೋ ಬಿಗಿಯಾಗಿ ದಾರ ಕಟ್ಟಿಸಿಕೊಂಡು ಬಂದಿದ್ದ. ಬಿಗಿ ದಾರ ದಿನದಿನಕ್ಕೆ ಒಳಗಿನ ಮಾಂಸ ಕೊಯ್ಯುತ್ತದೆ. ಈ ಕಾಯಿಲೆ ಇದ್ದವರಿಗೆ ಕೊಯ್ದದ್ದು ಮಾಯುವುದಿಲ್ಲ. ಮಲ ತಡೆಯುವ ಹಿಡಿತವೇ ಹೋಗಿದೆ ಅವನಿಗೆ. ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಇಷ್ಟು ವಯಸ್ಸಾಗಿದೆ, ಹಾದಿಯಲ್ಲಿ ಹೋಗುವವನ ಕೈಗೆ ಮೈ ಕೊಡುವ ಮೂರ್ಖರೂ ಇರುತ್ತಾರಲ್ಲ ಅಂತ ನಾನೂ ಪವಿತ್ರಾಳೂ ದಾರಿಯುದ್ದ ಮಾತಾಡಿಕೊಂಡು ಬಂದೆವು.

ಆ ಟೀಚರಿಗೆ ಇದನ್ನು ತಪ್ಪದೆ ಹೇಳು.

ಕೊಟ್ರೇಶ


ಶಿವಮೊಗ್ಗ
21 ಮೇ 2024

ಕೊಟ್ರೇಶ,

ನೀನು ಬರೆದ ಮೂರ್ಖರಲ್ಲಿ ನಾನೂ ಒಬ್ಬಳು. ಟೀಚರು ಯಾರೂ ಇಲ್ಲ. ಹನ್ನೆರಡು ವರ್ಷವಾಗುತ್ತ ಬಂತು. ಎಲ್ಲ ಇಲ್ಲಿ ಬರೆಯುವ ಶಕ್ತಿಯಿಲ್ಲ, ದಾಸ್ತಾನು ಪುಸ್ತಕದಲ್ಲಿ ಬರೆದಿದ್ದೇನೆ, ಆಮೇಲೆ ಓದು.

ಮೂರು ದಿನ ಜ್ವರ ಬಂದು ಮೈ ನಡುಗಿತು. ಅವತ್ತು ಕಾಯಬೇಡ ಅಂತ ನಿನಗೆ ಬರೆದವಳು ನಾನೇ ಕಾದೆ. ನಿನ್ನೆ ನಾಗರಾಜ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಇಲ್ಲಿಗೆ ತಂದ. ಒಳಗೆಲ್ಲ ಕೀವು ತುಂಬಿದೆಯಂತೆ. ನಾಳೆ ಆಪರೇಷನ್. ಕರುಳನ್ನು ಹೊಟ್ಟೆಯ ಮೇಲೆ ತಂದು ಒಂದು ಚೀಲ ಇಡುತ್ತಾರಂತೆ. ಎಲ್ಲರೂ ಅದನ್ನು ಅಂಜುತ್ತ ಹೇಳಿದರು, ನನಗೆ ಮಾತ್ರ ಇದನ್ನು ಮೊದಲೇ ಮಾಡಬಾರದಿತ್ತೇ ಅನ್ನಿಸಿತು. ಚೀಲ ಇದ್ದಿದ್ದರೆ ಅಡುಗೆ ಮಾಡಬಹುದಿತ್ತು.

ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೋ ಅಂತ ನನ್ನನ್ನೂ ಕೇಳಿದರು. ಹೌದು, ತಮ್ಮನಿಗಿದೆ ಅಂದೆ. ನಿನ್ನನ್ನು ಕೇಳದೆ ಹೇಳಿದೆ. ಬರೆದುಕೊಂಡವರು ಚಿಕ್ಕ ವಯಸ್ಸಿನ ಡಾಕ್ಟರು, ಅವರು ತೊಗರ್ಸಿಯವರಲ್ಲ.

ನಿನಗೆ ಫೋನು ಮಾಡಬೇಡ, ನಾನೇ ತಿಳಿಸುತ್ತೇನೆ ಅಂತ ನಾಗರಾಜನಿಗೆ ಹೇಳಿದ್ದೇನೆ. ಇದು ನಾನು ತಿಳಿಸಬೇಕಾದದ್ದು.

ದಾರದ ಕೆಲಸ ಯಾರು ಬೇಕಾದರೂ ಮಾಡಬಹುದು ಅಂತ ನೀನು ಬರೆದದ್ದನ್ನು ಮತ್ತೆ ಮತ್ತೆ ನೆನೆಯಬೇಡ. ನೀನು ಟೀಚರಿಗೆ ಬರೆದದ್ದು. ಟೀಚರನ್ನು ಹುಟ್ಟಿಸಿದವಳು ನಾನು.

ಮಾರ್ಚಿನಲ್ಲಿ ಬರೆದ ಮಾತು ತಮಾಷೆಯಲ್ಲ. ಹಾಗೇನಾದರೂ ಆದರೆ ಮಲಗಿಸಿ. ಒಪ್ಪದಿದ್ದರೆ ಜಗಳ ಮಾಡಬೇಡ.

ಅಕ್ಕ


ಶಿಕಾರಿಪುರ
9 ಜೂನ್ 2024

ಅಕ್ಕಾ,

ಇದನ್ನೂ ಅಂಚೆಗೆ ಹಾಕುವುದಿಲ್ಲ.

ನಿನ್ನ ಕಾಗದ 24ರ ಮಧ್ಯಾಹ್ನ ಬಂತು. ಅಂಗಡಿಯ ಬಾಗಿಲು ಎಳೆದುಕೊಂಡು ಮೊದಲು ನಿನಗೊಂದು ದಿಂಬು ಹೊಲಿದೆ. ಯಾಕೆ ತಕ್ಷಣ ಹೊರಡಲಿಲ್ಲ ಅಂತ ಪವಿತ್ರಾ ಈಗಲೂ ಕೇಳುತ್ತಾಳೆ. ಕೈಗೆ ಬೇರೆ ಏನೂ ತೋಚಲಿಲ್ಲ. ಆಸ್ಪತ್ರೆಗೆ ಬರುವ ಹೊತ್ತಿಗೆ ನೀನು ಮಾತಾಡುತ್ತಿರಲಿಲ್ಲ. ನಾಲ್ಕು ದಿನ ಐಸಿಯುವಿನ ಗಾಜಿನ ಹೊರಗೆ ಆ ದಿಂಬು ಹಿಡಿದುಕೊಂಡು ನಿಂತಿದ್ದೆ. 29ರ ಬೆಳಿಗ್ಗೆ ಅವರು ಬಂದು ಹೇಳಿದರು. ಕೀವು ರಕ್ತಕ್ಕೆ ಸೇರಿತ್ತಂತೆ.

ಪುಸ್ತಕವನ್ನು ಗಂಗಾಶ್ರೀ ಕೊಟ್ಟಳು. ಹಿತ್ತಲಲ್ಲಿ ಕೊಟ್ಟಿಗೆಯ ಹಿಂದೆ ನೀನು ಬಟ್ಟೆಯ ತುಂಡುಗಳನ್ನು ಒಣಗಿಸುತ್ತಿದ್ದದ್ದನ್ನು ಅವಳು ಮದುವೆಯಾಗಿ ಬಂದ ವರ್ಷದಿಂದಲೇ ನೋಡಿದ್ದಳಂತೆ. 'ನಂಗೆ ಗೊತ್ತಿತ್ತು ಮಾವ. ಅತ್ತೆ ತಾವೇ ಹೇಳ್ಲಿ ಅಂತ ಕಾದೆ' ಅಂದಳು. ಎಂಟು ವರ್ಷ ಕಾದಿದ್ದಾಳೆ. ಮಳೆ ಬಂದ ದಿನ ಅವುಗಳನ್ನು ಒಳಗೆ ತಂದು, ನಿನಗೆ ತಿಳಿಯದ ಹಾಗೆ ಒಲೆಯ ಮೇಲೆ ಒಣಗಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳಂತೆ.

ಕುಣಿ ತೋಡುವಾಗ ಮಠದ ಅಯ್ಯನವರ ಹತ್ತಿರ ಹೋಗಿ, ಮಲಗಿಸಬಹುದೋ ಅಂತ ಕೇಳಿದೆ. 'ಲಿಂಗ ಕಟ್ಟಿದ ದೇಹ, ಮಲಗ್ಸೋಕೆ ಬರ್ತದೇನಪ್ಪಾ. ಯಾಕೆ?' ಅಂದರು. ಏನಿಲ್ಲ ಅಂದೆ. ಡಾಕ್ಟರ ಮುಂದೆ ಶರಣ್ಯ ಇದ್ದಳು, ಇಲ್ಲ ಅಂದಿದ್ದೆ. ಇಲ್ಲಿ ತೋಟಪ್ಪನವರು ತೊಗರ್ಸಿಯಿಂದ ಬಂದು ಎರಡು ಮಾರು ದೂರದಲ್ಲಿ ನಿಂತಿದ್ದರು. ಅದೇ ಬಾಯಿ, ಅದೇ ಮಾತು ಬಂತು.

ನಿನ್ನ ಕರಡಿಗೆ ತಂದು ಲಿಂಗವನ್ನು ಎಡಗೈಯಲ್ಲಿ ಇಟ್ಟರು. ಹನ್ನೆರಡು ವರ್ಷ ಅದು ಜಗಲಿಯ ಮೇಲೆ ಇತ್ತು ಅಂತ ಯಾರಿಗೂ ತಿಳಿಯಲಿಲ್ಲ. ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸುವುದಕ್ಕೆ ನಿನ್ನನ್ನು ಎತ್ತಿದರು. ಆಗ ನಾನು ಕಾರಿನಿಂದ ದಿಂಬು ತಂದು ಕುಣಿಗೆ ಇಳಿದೆ.

'ಏನಪ್ಪಾ ಅದು' ಅಂದರು ಅಯ್ಯನವರು.

ಹೇಳಿದೆ. ಎಲ್ಲಿ, ಏನು, ಎಷ್ಟು ವರ್ಷ, ಎಲ್ಲ. ಆ ಜಾಗದ ಹೆಸರನ್ನು ಅಷ್ಟು ಜನರ ಮುಂದೆ ಹೇಳುವಾಗ ಗಿರಾಕಿಗೆ ಅಳತೆ ಹೇಳಿದ ಹಾಗೆ ಇತ್ತು. ನನಗೂ ಇದೇ ಇದೆ ಅಂದೆ. ಅದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅಯ್ಯನವರು, 'ಇಡು. ಲಿಂಗವಂತರಿಗೆ ಸೂತಕ ಎಲ್ಲೈತಿ' ಅಂದರು. ನಾಗರಾಜ ಒಂದು ಕಡೆ, ನಾನು ಒಂದು ಕಡೆ ಹಿಡಿದು ನಿನ್ನನ್ನು ಇಳಿಸಿದೆವು.

ಇವತ್ತಿಗೆ ಹನ್ನೊಂದು ದಿನ. ತೋಟಪ್ಪನವರು ಅವತ್ತು ಮಣ್ಣು ಹಾಕಿ, ಕೈ ತೊಳೆದುಕೊಂಡು, ಊಟಕ್ಕೆ ನಿಲ್ಲದೆ ಹೋದರು. ಆ ಕಡೆಯಿಂದ ಫೋನು ಬಂದಿಲ್ಲ. ಶರಣ್ಯ ಪರೀಕ್ಷೆಗೆ ಓದುತ್ತಿದ್ದಾಳೆ. ಓದುವ ಪುಸ್ತಕದ ಒಳಗೆ ನಿನ್ನ ಹಸಿರು ಸೀರೆಯ ಒಂದು ಎಳೆ ಇಟ್ಟುಕೊಂಡಿದ್ದಾಳೆ. ಅವಳಿಗೆ ಒಮ್ಮೊಮ್ಮೆ ಹೊಟ್ಟೆ ನೋಯುತ್ತದೆ. ಪರೀಕ್ಷೆಯ ಗಾಬರಿ ಅಂದುಕೊಂಡಿದ್ದೆವು. ನಾಳೆ ಸೋಮವಾರ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ನನ್ನ ದಾರವನ್ನು ಅವತ್ತೇ ತೆಗೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ಇದೆಯೋ ಅಂತ ಅವರು ಈ ಸಲ ಕೇಳಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ನಿನಗೆ ತಿಳಿಯಬೇಕಾದದ್ದು ಒಂದೇ ಉಳಿದಿದೆ. ದಿಂಬಿಗೆ ಚಿಂದಿಯನ್ನೇ ತುಂಬಿದ್ದೆ. ಹದಿನಾರು ಇಂಚು, ನಡುವೆ ಐದು, ತೂತು ಸ್ವಲ್ಪ ಹಿಂದಕ್ಕೆ. ಅಳತೆ ಸರಿಯಾಗಿತ್ತು, ಅಕ್ಕಾ.